ಅಕ್ಕ ದೂತನ ಮೇಲೆ ಹಲ್ಲು ಮಸೆದದ್ದು

ಆ ಪುಸ್ತಕ ಓದಿ ಮುಗಿಸಿದಾಗಿನಿಂದ ಗಾಜಿನಂಗಡಿ ಅಕ್ಕನ ತಲೆ ಕೆಟ್ಟುಹೋಗಿತ್ತು. ಬೀದಿಯವರೆಲ್ಲ ಆಕೆಯನ್ನು ಕರೆಯುವುದೇ ಹಾಗೆ. ಒಳಗೆ ಗಂಡ, ಮೈದುನ ಗಾಜು ಕತ್ತರಿಸುತ್ತಾರೆ; ಮುಂದಿನ ಮೇಜಿನಲ್ಲಿ ಕೂತು ಗಿರಾಕಿಗಳನ್ನು ಸಂಭಾಳಿಸುವುದು ಅಕ್ಕ. ಗ್ರಂಥಾಲಯದಿಂದ ಬಾಗಿಲ ಗಾಜು ಒಡೆದ ಕಪಾಟೊಂದು ರಿಪೇರಿಗೆ ಬಂದಿತ್ತು. ಅದರ ಮೂಲೆಯಲ್ಲಿ ಯಾರೋ ಮರೆತ ಪುಸ್ತಕವೊಂದು ಬಿದ್ದಿತ್ತು: ಗ್ರೀಕರ ಕಾಲದ ದುರಂತ ನಾಟಕ. ಗಿರಾಕಿಯಿಲ್ಲದ ಹೊತ್ತಿನಲ್ಲಿ ಅಕ್ಕ ಅದನ್ನು ತೆರೆದಳು, ತೆರೆದದ್ದೇ ತಪ್ಪಾಯಿತು.

ಕಥೆ ಇಷ್ಟೇ. ಒಬ್ಬಳು ರಾಣಿ, ಅವಳಿಗೊಬ್ಬ ಮಗ. ಮಾತಿಗೆ ಮಾತು ಬೆಳೆದು ರಾಣಿ ಕೋಟೆಯ ಬಾಗಿಲು ಹಾಕಿಸಿಬಿಡುತ್ತಾಳೆ. ತಾಯಿ ಒಳಗೆ, ಮಗ ಹೊರಗೆ. ಇವಳ ಮಾತು ಅವನಿಗೆ, ಅವನ ಮಾತು ಇವಳಿಗೆ ಮುಟ್ಟಿಸಲು ಒಬ್ಬ ದೂತ. ಬಾವಿಕಟ್ಟೆಯ ಹತ್ತಿರ ಒಂದು ಹಿಂಡು ಮುದುಕಿಯರು. ‘ಅಯ್ಯೋ ಅಯ್ಯೋ’ ಎನ್ನುವುದು ಬಿಟ್ಟರೆ ಅವರಿಗೆ ಬೇರೆ ಕಸುಬಿಲ್ಲ. ಕಡೆಗೂ ರಾಣಿಯ ಮನಸ್ಸು ಕರಗಿ, ಬಾಗಿಲು ತೆಗೆಯಿರಿ ಎನ್ನುವಷ್ಟರಲ್ಲಿ ದೂತ ಏದುಸಿರು ಬಿಡುತ್ತ ಬಂದು, ಮಗ ಸತ್ತ ಬಗೆಯನ್ನು ನಾಲ್ಕು ಪುಟ ವರ್ಣಿಸುತ್ತಾನೆ.

“ನಾಲ್ಕು ಪುಟ ರೀ!” ಗುರುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಅಕ್ಕ ಗಂಡನ ಮೇಲೆ ಎಗರಿದಳು. “ಎಲ್ಲ ಮುಗಿದ ಮೇಲೆ ನಾಲ್ಕು ಪುಟ ಕೊರೆಯೋಕೆ ಬಾಯಿ ಇತ್ತಲ್ಲ, ಮೊದಲೇ ಎರಡು ಮಾತು ಹೇಳೋಕೆ ಏನು ದಾಡಿಯಾಗಿತ್ತು ಅವನಿಗೆ?”

“ನನ್ನನ್ಯಾಕೆ ಕೇಳ್ತೀಯ? ನಾನೇನು ಅವನನ್ನ ಕಳಿಸಿದ್ನಾ?” ಎಂದ ಗಂಡ, ತಟ್ಟೆಯಿಂದ ತಲೆಯೆತ್ತದೆ. “ನೀರಿನ ಜಗ್ಗು ಈ ಕಡೆ ತಳ್ಳು ಅಂತ ಹೇಳು ಅವನಿಗೆ.”

‘ಅವನು’ ಎಂದರೆ ಮಗ್ಗುಲಲ್ಲೇ ಕೂತು ಉಣ್ಣುತ್ತಿದ್ದ ಗಂಡನ ತಮ್ಮ. ಜಗ್ಗು ಅವನ ಮೊಣಕೈಗೆ ತಾಗಿಕೊಂಡಿತ್ತು.

“ಜಗ್ಗು ಬೇಕಂತೆ ಕಣಪ್ಪ,” ಎಂದಳು ಅಕ್ಕ.

ಅವನು ತಳ್ಳಿದ. ತಳ್ಳಿ ಸುಮ್ಮನಿರಬಾರದೇ? “ತಳ್ಳಿದ್ದಾಯ್ತು ಅಂತ ಹೇಳಿ ಅತ್ತಿಗೆ.”

ಈ ಕರ್ಮ ಬೇಸಿಗೆಯಿಂದ ನಡೆದಿತ್ತು. ಹೋಟೆಲೊಂದರಲ್ಲಿ ದೊಡ್ಡ ಕನ್ನಡಿ ಕೂರಿಸುವಾಗ ಅದು ಜಾರಿ ಚೂರುಚೂರಾಯಿತು. ಅಣ್ಣ ಅಷ್ಟು ಜನರ ಮುಂದೆ, “ಇವನನ್ನ ಕಟ್ಟಿಕೊಂಡು ನಾನು ಹಾಳಾದೆ,” ಅಂದುಬಿಟ್ಟ. ತಮ್ಮ ತುಟಿಪಿಟಕ್ಕೆನ್ನದೆ ಚೂರು ಗುಡಿಸಿ ಮನೆಗೆ ಬಂದ. ಅಂದಿನಿಂದ ಮಾತು ಬಂದ್. ಆದರೆ ಬಾಯಿ ಮುಚ್ಚಿಕೊಂಡು ಗಾಜಿನ ಕೆಲಸ ಮಾಡಲಾದೀತೇ? ದೊಡ್ಡ ಹಾಳೆ ಹೊರಲು ಇಬ್ಬರು ಬೇಕು. ಮುಂದಿನವನು ಹಿಮ್ಮುಖವಾಗಿ ನಡೆಯಬೇಕು, ಅವನಿಗೆ ದಾರಿ ಕಾಣದು. ‘ನಿಲ್ಲು, ಎಡಕ್ಕೆ, ಮೆಟ್ಟಿಲು’ ಎಂದು ಕೂಗಿ ಹೇಳಬೇಕಾದವನು ಹಿಂದಿನವನು. ಈಗ ಆ ಕೂಗೂ ಅಕ್ಕನ ಪಾಲಿಗೆ ಬಂದಿತ್ತು. ಹೊಸ್ತಿಲ ಬಳಿ ನಿಂತು ಅವಳು ಇಬ್ಬರ ಪರವಾಗಿಯೂ ಅರಚುತ್ತಿದ್ದಳು.

ಅದನ್ನೂ ಹೇಗೋ ಸಹಿಸಿಕೊಂಡಿದ್ದಳು. ಆದರೆ ಆ ದಿನ ಬೆಳಿಗ್ಗೆ ಮೈದುನ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, “ಅತ್ತಿಗೆ, ಬೇರೆ ಊರಲ್ಲಿ ಕೆಲಸ ಸಿಕ್ಕಿದೆ. ಭಾನುವಾರ ಹೊರಟೆ. ಅಣ್ಣನಿಗೆ ನೀವೇ ಹೇಳಿಬಿಡಿ,” ಎಂದಿದ್ದ.

ಅಕ್ಕ ಈ ಮನೆ ತುಂಬಿದಾಗ ಅವನು ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಹುಡುಗ. ತಲೆ ಬಾಚಿ ಕಳಿಸಿದವಳು ಅವಳೇ. ಗಂಡನ ಬುದ್ಧಿಯೂ ಗೊತ್ತು. ಈ ಸುದ್ದಿ ಅವಳ ಬಾಯಿಂದ ಕೇಳಿದರೆ ‘ಹೋಗಲಿ ಅಂತ ಹೇಳು’ ಎಂದು ಕಳಿಸುತ್ತಾನೆ, ಇವನು ಪೆಟ್ಟಿಗೆ ಎತ್ತಿಕೊಂಡು ಹೋಗುತ್ತಾನೆ, ಅಲ್ಲಿಗೆ ಸಂಬಂಧ ಮುಗಿಯಿತು. ಊಟಕ್ಕೆ ಕೂತಾಗ ಹೇಳಬೇಕೆಂದು ಬಾಯಿ ತೆರೆದರೆ ಬಂದದ್ದು ಆ ಹಾಳು ದೂತನ ವಿಷಯ.

ಊಟವಾದ ಮೇಲೆ ಗ್ರಂಥಪಾಲಕರು ಬಂದರು. ವಾಚನಾಲಯದ ಕಿಟಕಿಗೆಂದು ಕತ್ತರಿಸಿಟ್ಟ ಆಳೆತ್ತರದ ಗಾಜನ್ನು ಒಯ್ಯಲು ಗಾಡಿ ತಂದಿದ್ದರು. ಪಾಪ, ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಅಕ್ಕ ಪುಸ್ತಕವನ್ನು ಅವರ ಮುಂದೆ ಕುಕ್ಕಿದಳು.

“ಆ ಮುದುಕಿಯರಿಗೇನು ಕೈಕಾಲು ಇರಲಿಲ್ವಾ ಸಾರ್? ಹೋಗಿ ಬಾಗಿಲು ತೆಗೆಯೋದು ಬಿಟ್ಟು ಅಯ್ಯೋ ಅಂತಾರಲ್ಲ!”

“ಅದು ಆಗಿನ ನಾಟಕದ ಪದ್ಧತಿ ಅಕ್ಕ…”

“ಸುಡಲಿ ಪದ್ಧತಿ! ತಾಯಿ ಮಗನ ಮಧ್ಯ ಇದ್ದದ್ದು ಒಂದು ಬಾಗಿಲು. ಅವನು ಕೆಮ್ಮಿದ್ರೆ ಇವಳಿಗೆ ಕೇಳುತ್ತೆ. ಇಬ್ಬರಿಗೂ ದೇವರು ಬಾಯಿ ಕೊಟ್ಟಿದ್ದಾನೆ. ಮಧ್ಯ ಆ ದೂತ ಯಾಕೆ ಸಾರ್?”

ಗ್ರಂಥಪಾಲಕರಿಗೂ ಸಾಕಾಗಿತ್ತು. “ಅವನು ಇಲ್ಲದಿದ್ರೆ ಇಬ್ಬರೂ ಮುಖಾಮುಖಿ ಮಾತಾಡಿಬಿಡ್ತಿದ್ರು. ನಾಟಕ ಎರಡೇ ಪುಟಕ್ಕೆ ಮುಗಿದುಹೋಗ್ತಿತ್ತು. ಸಾಕಾ?”

ಅಕ್ಕ ಪುಸ್ತಕವನ್ನು ಹಿಂದಕ್ಕೆಳೆದುಕೊಂಡು ಒಳಬಾಗಿಲ ಕಡೆ ನೋಡಿದಳು.

ಒಳಗಿನಿಂದ ಗಾಜು ಹೊರಟಿತ್ತು. ಅಣ್ಣ ಮುಂದೆ, ಹಿಮ್ಮುಖವಾಗಿ, ತಮ್ಮ ಹಿಂದೆ. ಹೊಸ್ತಿಲಾಚೆ ಬೀದಿಗಿಳಿಯುವ ಮೂರು ಮೆಟ್ಟಿಲು. ಅಣ್ಣ ಹೊಸ್ತಿಲ ಬಳಿ ನಿಂತು ಹಿಮ್ಮಡಿಯಲ್ಲಿ ನೆಲ ತಡವಿದ.

“ಲೇ, ಎಲ್ಲಿ ಸತ್ತೆ? ಮೆಟ್ಟಿಲು ಎಷ್ಟು ದೂರ ಇದೆ ಕೇಳು ಅವನನ್ನ.”

“ನಾನು ಕೇಳಲ್ಲ,” ಎಂದಳು ಅಕ್ಕ ಕೂತಲ್ಲಿಂದಲೇ.

“ಏನೇ ಬಂತು ನಿನಗೆ? ಗಾಜು ಹಿಡಿದಿದ್ದೀನಿ ಇಲ್ಲಿ!”

“ಇಬ್ಬರೂ ಹಿಡಿದಿದ್ದೀರಿ. ಬಿಟ್ಟು ಓಡೋ ಹಾಗಿಲ್ಲ, ಇದೇ ಒಳ್ಳೇ ಹೊತ್ತು.” ಅವಳು ಮೈದುನನ ಕಡೆ ತಿರುಗಿದಳು. “ಏನಪ್ಪಾ, ಬೆಳಿಗ್ಗೆ ನನಗೆ ಹೇಳಿದ್ದನ್ನ ನೀನೇ ಹೇಳು. ನನ್ನ ಕೈಲಿ ಆಗಲ್ಲ.”

“ಅಯ್ಯೋ,” ಎಂದರು ಗ್ರಂಥಪಾಲಕರು.

“ನೀವು ಸುಮ್ನಿರಿ ಸಾರ್!”

ಗಾಜಿನ ಆ ಬದಿ ಈ ಬದಿ ಇಬ್ಬರ ಮುಖ. ಎಷ್ಟೋ ತಿಂಗಳ ಮೇಲೆ ಅವರು ಒಬ್ಬರನ್ನೊಬ್ಬರು ನೋಡಲೇಬೇಕಾಗಿ ಬಂದಿತ್ತು. ಕತ್ತು ತಿರುಗಿಸಿದರೆ ಹಿಡಿತ ತಪ್ಪುತ್ತದೆ.

“ಭಾನುವಾರ ಹೋಗ್ತಿದ್ದೀನಿ,” ಎಂದ ತಮ್ಮ. “ಬೇರೆ ಕಡೆ ಕೆಲಸಕ್ಕೆ.”

ಅಣ್ಣನ ಮುಖದ ಬಣ್ಣ ಇಳಿಯಿತು. “ಯಾಕೋ?”

“ನನ್ನನ್ನ ಕಟ್ಟಿಕೊಂಡು ಹಾಳಾದೆ ಅಂದ್ಯಲ್ಲ. ಇನ್ನಾದರೂ ಉದ್ಧಾರ ಆಗು ಅಂತ.”

“ಆ ಮಾತನ್ನ ಇಷ್ಟು ದಿನ ಹೊಟ್ಟೇಲಿ ಇಟ್ಕೊಂಡಿದ್ಯಾ? ಅವತ್ತೇ ನನ್ನ ಮುಖಕ್ಕೆ ಉಗಿಯೋದಲ್ವೇನೋ, ಕತ್ತೆ!”

“ಅಂದವನು ನೀನು. ಬಂದು ಮಾತಾಡಿಸಬೇಕಾದವನೂ ನೀನೇ.”

ಅಣ್ಣನ ತೋಳು ಸೋತು ಗಾಜು ಸಣ್ಣಗೆ ಅದುರತೊಡಗಿತು. ಅಕ್ಕನಿಗೆ ಎದ್ದು ಓಡಿ ಹಿಡಿಯಬೇಕೆನಿಸಿತು. ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದು ಕೂತಳು.

“ಇಳಿಸಣ್ಣ, ಕೈ ನಡುಗ್ತಿದೆ ನಿಂದು,” ಎಂದ ತಮ್ಮ.

“ಇಳಿಸಲ್ಲ. ಇಳಿಸಿದ್ರೆ ನೀನು ಹೋಗಿಬಿಡ್ತೀಯ.” ಅಣ್ಣನ ಕಣ್ಣು ತುಂಬಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. “ತಪ್ಪಾಯ್ತು ಕಣೋ. ಅವತ್ತು ರಾತ್ರಿನೇ ಹೇಳಬೇಕಿತ್ತು.”

ಬೀದಿಯಲ್ಲಿ ಗಾಡಿಯವನು ಹಾರ್ನ್ ಹೊಡೆದ. ಯಾರೂ ಅಲುಗಲಿಲ್ಲ.

ತಮ್ಮ ಮೂಗು ಸೊರ್ರೆಂದು ಎಳೆದುಕೊಂಡು, ತನ್ನ ಕಡೆಯ ಭಾರವನ್ನು ಇನ್ನಷ್ಟು ಎತ್ತಿ ಹಿಡಿದ. ಆಮೇಲೆ ಬೀದಿಗೆಲ್ಲ ಕೇಳುವಂತೆ ಕೂಗಿದ:

“ಹಿಂದೆ ಒಂದು ಹೆಜ್ಜೆ ಅಣ್ಣ. ಮೆಟ್ಟಿಲಿದೆ. ನಿಧಾನ, ನಾನು ಹಿಡಿದಿದ್ದೀನಿ.”