ಯಾರೂ ಕರೆಯದ ಭಾಗ

ತಾನು ಬುದ್ಧಿವಂತ ಎಂಬ ಬಗ್ಗೆ ಡಾಲಿಬೋರ್‌ಗೆ ಅನುಮಾನವೇ ಇರಲಿಲ್ಲ. ಅವನ ಪಾಲಿನ ಅನುಮಾನವನ್ನೂ ಬ್ಲಾಂಕಾಳೇ ಪಡಬೇಕಿತ್ತು. ಚೆಕ್ ದೇಶದ ಬ್ರನೋ ನಗರದ ಆ ಸಣ್ಣ ಕಂಪನಿಯಲ್ಲಿ ಟ್ರಾಮ್ ಬಾಗಿಲು ನಡೆಸುವ ಪ್ರೋಗ್ರಾಂ ಹನ್ನೊಂದು ವರ್ಷದಿಂದ ಅವಳದು. ಮೂರು ತಿಂಗಳಿಂದ ಅವಳ ಮೇಲಧಿಕಾರಿ ಈ ಮಹಾನುಭಾವ.

ಪ್ರೋಗ್ರಾಮಿನ ಒಂದೊಂದು ಕಡತವನ್ನೂ ಬೇರೆಯಾಗಿ ಕಂಪೈಲ್ ಮಾಡಿ, ಅಂದರೆ ಯಂತ್ರದ ಭಾಷೆಗೆ ಇಳಿಸಿ, ಕೊನೆಗೆ ಜೋಡಿಸುವುದು ಅವಳ ರೂಢಿ. ಜೋಡಿಸುವ ಹೊತ್ತಿಗೆ ಇಡೀ ಪ್ರೋಗ್ರಾಮನ್ನು ಒಟ್ಟಿಗೆ ನೋಡಿ, ಯಾರೂ ಕೆಲಸಕ್ಕೆ ಕರೆಯದ ಭಾಗಗಳನ್ನು ಕಿತ್ತೆಸೆಯುವಂತೆ ಕಂಪೈಲರಿಗೆ ಹೇಳಬಹುದೆಂದು ಡಾಲಿಬೋರ್ ಯಾವುದೋ ಸಮ್ಮೇಳನದಲ್ಲಿ ಕೇಳಿಕೊಂಡು ಬಂದ. ಉಪಾಯ ಒಳ್ಳೆಯದೇ, ಕೆಟ್ಟದ್ದು ಅವನ ತಲೆ. ಕೆಲವು ಭಾಗಗಳ ಮೇಲೆ ಬ್ಲಾಂಕಾ ‘ತೆಗೆಯಬೇಡ’ ಎಂದು ಗುರುತು ಹಾಕಿದ್ದಳು. ಆ ಗುರುತುಗಳನ್ನೆಲ್ಲ ಹಳೇ ಕಸವೆಂದು ಅಳಿಸಿದ; ಕಂಪೈಲರ್ ಆ ಭಾಗಗಳನ್ನೂ ಕಿತ್ತೆಸೆಯಿತು. ಪ್ರೋಗ್ರಾಂ ಕಾಲುಭಾಗ ಇಳಿಯಿತು, ಅವನ ಎದೆ ಅಷ್ಟೇ ಉಬ್ಬಿತು.

"ಯಾರಾದ್ರೂ ಸಿಕ್ಕಿ ಅಂಚಿನ ರಬ್ಬರ್ ಅದುಮಿದ್ರೆ ಬಾಗಿಲು ವಾಪಸ್ ತೆರೆಯೋ ಭಾಗಾನೇ ಹೋಗಿದೆ," ಎಂದಳು ಬ್ಲಾಂಕಾ. "ಅದನ್ನ ಕರೆಯೋದು ನಮ್ಮ ಪ್ರೋಗ್ರಾಂ ಅಲ್ಲ, ಬಾಗಿಲಿನ ಚಿಪ್. ಕಂಪೈಲರಿಗೆ ಅದು ಕಾಣಲ್ಲ."

"ಆಫೀಸಿನ ಪರೀಕ್ಷೆ ಎಲ್ಲಾ ಪಾಸಾಗಿದೆಯಲ್ರೀ."

"ಆಫೀಸಲ್ಲಿ ಬಾಗಿಲೇ ಇಲ್ವಲ್ಲ!"

"ಸೋಮವಾರ ಟ್ರಾಮ್ ಓಡ್ಬೇಕು. ಒಪ್ಪಿಗೆ ಕಾಗದಕ್ಕೆ ಸಹಿ ಹಾಕ್ತೀರೋ, ಬೇರೆ ಕೆಲಸ ನೋಡ್ಕೋತೀರೋ?"

"ಡಿಪೋದಲ್ಲಿ ಹಾಕ್ತೀನಿ, ಬನ್ನಿ."

ಡಿಪೋದಲ್ಲೊಂದು ಕಟ್ಟಳೆಯಿತ್ತು. ಪ್ರೋಗ್ರಾಂ ಬದಲಿಸಿದವರು ಮುಚ್ಚುವ ಬಾಗಿಲಿಗೆ ಮೊದಲು ತಮ್ಮದೇ ತೋಳು ಕೊಡಬೇಕು, ಸಹಿ ಆಮೇಲೆ. ಬ್ಲಾಂಕಾ ಎಷ್ಟೋ ಸಲ ಕೊಟ್ಟಿದ್ದಳು. ಮೇಸ್ತ್ರಿ ಹಾವ್ರಾನೆಕ್ ಬಾಯಲ್ಲಿದ್ದ ಬ್ರೆಡ್ಡು ನುಂಗಿ ಡಾಲಿಬೋರ್‌ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ತೋಳು ಕೊಡಿ, ಇಂಜಿನಿಯರ್ ಸಾಹೇಬ್ರೇ."

"ಬ್ಲಾಂಕಾ ಕೊಡ್ತಾರೆ."

"ಕಸ ಗುಡಿಸಿದ್ದು ನೀವಲ್ವಾ?" ಎಂದಳು ಬ್ಲಾಂಕಾ.

ಡಾಲಿಬೋರ್ ನಕ್ಕಂತೆ ಮಾಡಿ ತನ್ನ ತೊಗಲಿನ ಚೀಲವನ್ನು, ಹೊಸ ಪ್ರೋಗ್ರಾಂ ತುಂಬಿದ್ದ ಟ್ರಾಮಿನ ಮುಚ್ಚುವ ಬಾಗಿಲಿಗೆ ಒಡ್ಡಿದ. ಬಾಗಿಲು ಕಚ್ಚಿತು, ಬಿಡಲಿಲ್ಲ, ಅದುಮುತ್ತಲೇ ಹೋಯಿತು. ಒಳಗಿದ್ದ ಊಟದ ಡಬ್ಬಿ ಅಪ್ಪಚ್ಚಿಯಾಗಿ ಗೂಲಾಷ್ ಎಂಬ ಮಾಂಸದ ಸಾರು ತೊಟ್ಟಿಕ್ಕಿತು. ಮೆಕ್ಯಾನಿಕ್‌ಗಳು ಮುಚ್ಚುಮರೆಯಿಲ್ಲದೆ ನಕ್ಕರು.

"ಚೀಲ ಬೇರೆ, ತೋಳು ಬೇರೆ," ಎಂದ ಡಾಲಿಬೋರ್. "ತೋಳಾಗಿದ್ರೆ ತೆರೀತಿತ್ತು."

"ಹಾಗಾದ್ರೆ ಕೊಡಿ," ಎಂದ ಹಾವ್ರಾನೆಕ್.

ಡಾಲಿಬೋರ್ ಎರಡೂ ಕೈಗಳನ್ನು ಕೋಟಿನ ಜೇಬಿಗೆ ತುರುಕಿದ. ಸೋಮವಾರ ಯಾರದೋ ಮಗುವಿನ ಕೈ ಈ ಬಾಗಿಲಿಗೆ ಸಿಕ್ಕರೆ ಅವನದೇನೂ ಅಡ್ಡಿಯಿರಲಿಲ್ಲ. ಅವನ ಮೇಲೆ ಬ್ಲಾಂಕಾಳಿಗಿದ್ದ ಸಿಟ್ಟೂ ಇಳಿದುಹೋಗಿ ಬರೀ ಹೇಸಿಗೆ ಉಳಿಯಿತು. ಅವಳು ಕಾಗದದ ಮೇಲೆ ‘ತಿರಸ್ಕರಿಸಲಾಗಿದೆ’ ಎಂದು ಬರೆದು, ಸಹಿ ಹಾಕಿ, ಅವನ ಸಹಿಗೆಂದು ಪೆನ್ನನ್ನು ಅವನತ್ತ ಚಾಚಿದಳು.

"ಇದಕ್ಕಾದ್ರೂ ಕೈ ಹೊರಗೆ ತೆಗೀರಿ."