ಮೀಟರು ಗೋಡೆ

"ಕಂಬದಿಂದ ಶುರು ಮಾಡಕ್ಕ," ಎಂದ ಧರ್ಮೇಂದ್ರ.

ಜಯಲಕ್ಷ್ಮಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬೆರಳು ಚಾಚಿದಳು. ಬೀದಿಯ ಕಂಬದಿಂದ ಬಂದ ದಪ್ಪ ವೈರು ಸೂರಿನ ಪೈಪಿನೊಳಗೆ ಇಳಿದು ಜಗಲಿಯ ಮೀಟರಿಗೆ, ಅಲ್ಲಿಂದ ಪಿಂಗಾಣಿಯ ಫ್ಯೂಸಿಗೆ, ಆಮೇಲೆ ಮೇನ್ ಸ್ವಿಚ್ಚಿಗೆ. ಫ್ಯೂಸು ಕಿತ್ತರೆ ಅದರಿಂದ ಈಚೆಗೆ ಮಾತ್ರ ಕರೆಂಟು ನಿಲ್ಲುತ್ತದೆ, ಕಂಬದ ಕಡೆಯ ವೈರಿನಲ್ಲಿ ಯಾವಾಗಲೂ ಇರುತ್ತದೆ, ಅದನ್ನು ಮುಟ್ಟುವುದು ಲೈನ್‌ಮನ್ನಿನ ಕೆಲಸ ಎಂದು ಅವಳಿಂದಲೇ ಮೂರು ಸಲ ಹೇಳಿಸಿದ. ಹೊಸಹೊಳಲಿನ ಈ ವೈರ್‌ಮನ್‌ಗೆ ಮಗ್ಗಿ ಒಪ್ಪಿಸಿಕೊಳ್ಳುವ ಮೇಷ್ಟರ ಚಾಳಿ ಇತ್ತು.

ಐವತ್ತು ದಾಟಿದ ಹೆಂಗಸಿಗೆ ಈ ಪಾಠ ಯಾಕೆಂದರೆ, ಮೈದುನ ನಾಗರಾಜುವಿನ ಮುಖ ನೋಡುವುದು ಅವಳಿಗೆ ಬೇಡವಾಗಿತ್ತು. ಆರು ವರ್ಷದ ಹಿಂದೆ ಅಣ್ಣತಮ್ಮಂದಿರು ಪಾಲಾಗಿ ಒಂದೇ ಮನೆಯ ನಡುವೆ ಗೋಡೆ ಎದ್ದಿತ್ತು. ಅತ್ತೆ ಪುಟ್ಟಲಕ್ಷ್ಮಮ್ಮ ಕಿರಿಯ ಮಗನ ಕಡೆ ಹೋದರು. ಅಂದಿನಿಂದ ಜಯಲಕ್ಷ್ಮಮ್ಮ ಆ ಕಡೆ ಮಾತು ಬಿಟ್ಟಳು, ಗಂಡ ನಂಜಪ್ಪನೂ ಬಿಟ್ಟಿದ್ದಾನೆಂದೇ ತಿಳಿದಿದ್ದಳು. ನಾಲ್ಕು ತಿಂಗಳ ಹಿಂದೆ ನಂಜಪ್ಪ ತೀರಿಕೊಂಡ. ಆಮೇಲೆ ಎರಡು ಸಲ ಫ್ಯೂಸು ಹೋಯಿತು. ಎರಡು ಸಲವೂ ಕರೆಯುವ ಮೊದಲೇ ನಾಗರಾಜು ಬಂದು ತಂತಿ ಕಟ್ಟಿ ಹೋದ. ಗಂಡಸಿಲ್ಲದ ಮನೆ ಎಂದು ತೋರಿಸಿಕೊಡಲು ಕಾದು ಕುಳಿತಿದ್ದಾನೆ ಎಂದು ಅವಳಿಗೆ ಮೈಯೆಲ್ಲ ಉರಿದಿತ್ತು. ಮೂರನೇ ಸಲಕ್ಕೆ ಅವನು ತನ್ನ ಹೊಸಿಲು ತುಳಿಯಬಾರದು, ಅಷ್ಟೇ.

ನಂಜಪ್ಪ ಇದ್ದಾಗ ಫ್ಯೂಸಿನ ಹತ್ತಿರ ಯಾರನ್ನೂ ಬಿಟ್ಟವನಲ್ಲ. ಕೀಳುವ ಮೊದಲು ಬೆರಳ ಗೆಣ್ಣಿನಿಂದ ಗೋಡೆಗೆ ಎರಡು ಸಲ ಬಡಿಯುವುದು ಅವನ ಅಭ್ಯಾಸ. ಯಾಕೆಂದು ಕೇಳಿದರೆ ಬೋರ್ಡಿನ ಹಿಂದೆ ಹಲ್ಲಿ ಇರುತ್ತದೆ ಎನ್ನುತ್ತಿದ್ದ. ಹಲ್ಲಿಗಿರುವ ಮರ್ಯಾದೆ ಈ ಮನೆಯಲ್ಲಿ ನನಗಿಲ್ಲ ಎಂದು ಅವಳು ಛೇಡಿಸುತ್ತಿದ್ದಳು.

ಮೇನ್ ಸ್ವಿಚ್ಚು ಇಳಿಸಿ ಒಂದೊಂದೇ ಕಡೆ ಟೆಸ್ಟರು ಇಟ್ಟು ತೋರಿಸುತ್ತಿದ್ದ ಧರ್ಮೇಂದ್ರ ಥಟ್ಟನೆ ನಿಂತ. ಫ್ಯೂಸಿಗೂ ಮೇನಿಗೂ ನಡುವೆ ಸಣ್ಣ ವೈರೊಂದು ಕವಲೊಡೆದು ಗೋಡೆಯೊಳಗೆ ಹೋಗಿತ್ತು. ಮನೆಯೆಲ್ಲ ಆಫಾಗಿದ್ದರೂ ಅದರ ಜಾಯಿಂಟಿನಲ್ಲಿ ಟೆಸ್ಟರು ಕೆಂಪಗೆ ಹೊತ್ತಿಕೊಂಡಿತು.

"ನಿನ್ ಕರೆಂಟೇ ಕಣಕ್ಕ, ಆಚೆ ಮನೆಗೆ ಹೋಯ್ತಾ ಅದೆ. ಮೇನ್ ಇಳಿಸಿದ್ರೂ ಇದು ಆಫಾಗಕಿಲ್ಲ. ಕತ್ತರಿಸ್ಬುಡ್ಲಾ?"

ಪಾಲಿಗೆ ಬಂದದ್ದು ಸಾಲದೆ ಕದ್ದು ಬೇರೆ ಎಳೆದುಕೊಂಡಿದ್ದಾನಾ? ಕತ್ತರಿಸು ಎನ್ನಲು ಜಯಲಕ್ಷ್ಮಮ್ಮ ಬಾಯಿ ತೆರೆದಳು. ಅಷ್ಟರಲ್ಲಿ, ಮೊದಲು ತಾನೇ ಫ್ಯೂಸು ಕಿತ್ತು ನೋಡೋಣ, ಯಾರು ಬೊಬ್ಬೆ ಹೊಡೆಯುತ್ತಾರೋ ಅವರೇ ಕಳ್ಳರು ಎನಿಸಿತು. ಪಿಂಗಾಣಿಯ ಹಿಡಿಯನ್ನು ಬಿಗಿಯಾಗಿ ಹಿಡಿದು ಎಳೆದಳು. ಸಲೀಸಾಗಿ ಬಂತು.

ಗೋಡೆಯಾಚೆ ಕಿರ್ ಕಿರ್ ಎನ್ನುತ್ತಿದ್ದ ಸದ್ದೊಂದು ನಿಧಾನವಾಗಿ ನಿಂತಿತು. ಅಂಥ ಸದ್ದು ಇತ್ತೆಂದೇ ಇಷ್ಟು ವರ್ಷ ಅವಳು ಗಮನಿಸಿರಲಿಲ್ಲ. ಯಾರೂ ಬೊಬ್ಬೆ ಹೊಡೆಯಲಿಲ್ಲ. ಸ್ವಲ್ಪ ಹೊತ್ತಿಗೆ, ಹಾಸಿಗೆ ಹಿಡಿದಿದ್ದ ಅತ್ತೆಯ ಸಣ್ಣ ದನಿ ಕೇಳಿಸಿತು.

"ಯಾರವ್ವ ಅದು? ತೆಗೆಯಕ್ ಮುಂಚೆ ಬಡೀಬೇಕು ಕಣವ್ವ. ನಮ್ ನಂಜಪ್ಪ ಅಂಗೇ ಮಾಡ್ತಿದ್ದ. ಬಡುದ್ರೆ ಯಾರ್ನಾರ ಕರ್ದು ಕಿಟ್ಕಿ ತೆಗುಸ್ಕತೀನಿ. ಫ್ಯಾನು ಸುಮ್ನೆ ನಿಂತ್ಬುಟ್ರೆ ಉಸ್ರು ಕಟ್ತದೆ."

ಜಯಲಕ್ಷ್ಮಮ್ಮ ಫ್ಯೂಸು ಹಿಡಿದು ನಿಂತೇ ಇದ್ದಳು. ಕರೆಯದೆಯೇ ನಾಗರಾಜು ಯಾಕೆ ಓಡಿ ಬರುತ್ತಿದ್ದನೆಂದು ಈಗ ತಿಳಿಯಿತು. ಆರು ವರ್ಷ ಗಂಡನೆಂಬ ಈ ಮನುಷ್ಯ ಕಟ್ಟಿಕೊಂಡವಳಿಗೂ ಹೇಳದೆ ಹೆತ್ತವಳಿಗೆ ಗಾಳಿ ಕಳಿಸಿದ್ದಾನೆ. ಸಿಟ್ಟೂ ಬಂತು, ಅಳುವೂ ಬಂತು. ಬಾಯಿ ತುಂಬ ಬೈಯೋಣವೆಂದರೆ ಆಸಾಮಿಯೇ ಇಲ್ಲ. ಫ್ಯೂಸನ್ನು ಮೆಲ್ಲಗೆ ಒಳಕ್ಕೆ ಒತ್ತಿದಳು. ಆಚೆ ಫ್ಯಾನು ಮತ್ತೆ ಕಿರುಗುಟ್ಟಿತು.

ಕಟಿಂಗ್ ಪ್ಲೇಯರ್ ಹಿಡಿದು ಕಾಯುತ್ತಿದ್ದ ಧರ್ಮೇಂದ್ರನಿಗೆ, ಕತ್ತರಿಸುವುದು ಬೇಡ, ಜಾಯಿಂಟು ಭದ್ರ ಮಾಡಿ ಇದಕ್ಕೊಂದು ಬೇರೆ ಸ್ವಿಚ್ಚು ಕೂರಿಸು ಎಂದಳು. ಪೆನ್ನು ತೆಗೆದು ಬೋರ್ಡಿನ ಮೇಲೆ ಹೆಸರು ಬರೆಯುತ್ತಿದ್ದ ಅವನು, ಇದಕ್ಕೆ ಏನೆಂದು ಬರೆಯಲಿ ಎಂದು ಕೇಳಿದ.

"ಅತ್ತೆಮ್ಮನ ಫ್ಯಾನು ಅಂತ ಬರಿ," ಎಂದಳು.

ಕೆಲಸಕ್ಕೆ ಫ್ಯೂಸು ಇನ್ನೊಮ್ಮೆ ಕೀಳಬೇಕಿತ್ತು. ಹಿಡಿಯ ಹತ್ತಿರ ಹೋದ ಕೈಯನ್ನು ಅವಳು ಹಿಂದಕ್ಕೆ ತೆಗೆದಳು. ಬೆರಳು ಮಡಿಚಿ, ಗೋಡೆಗೆ ಎರಡು ಸಲ ಬಡಿದು ಕಾದಳು.

ಆಚೆ ಮುದುಕಿ ಯಾರನ್ನೋ ಕರೆದ ಸದ್ದು, ಕಿಟಕಿಯ ಬಾಗಿಲು ತೆರೆದ ಸದ್ದು. ಆಮೇಲೆ ಗೋಡೆಗೆ ಆ ಕಡೆಯಿಂದ ಎರಡು ಸಲ ಬಡಿದದ್ದು ಕೇಳಿಸಿತು.

ಆಗ ಫ್ಯೂಸಿಗೆ ಕೈ ಹಾಕಿದಳು.