ತಾಯಿ ಬಂದ ಮನೆ

ಬಾಗಿಲ ಚೌಕಟ್ಟಿಗೆ ಸಿಕ್ಕಿಸಿದ್ದ ಬೇವಿನ ಸೊಪ್ಪು ಕಂಡದ್ದೇ ಭವ್ಯ ಇದ್ದಲ್ಲೇ ನಿಂತಳು. ಬೆಳಿಗ್ಗೆಯಿಂದ ಆರು ಸಲ ಫೋನ್ ಮಾಡಿದರೂ ಯಾರೂ ಎತ್ತದಿದ್ದುದು ಏಕೆಂದು ಈಗ ತಿಳಿಯಿತು. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಹಿಂದಿನ ವಠಾರ, ಕೊನೆಯ ಬಾಡಿಗೆ ಕೋಣೆ. ಒಳಗೆ ಏಳು ವರ್ಷದ ಭಾಗಮ್ಮ, ರಕ್ತದ ಕ್ಯಾನ್ಸರಿಗೆ ಎಂಟು ತಿಂಗಳಿಂದ ಕೀಮೊ ಪಡೆಯುತ್ತಿರುವ ಮಗು. ಇಂಥ ಮಕ್ಕಳ ಮನೆಯವರ ಬೆನ್ನಿಗೆ ನಿಲ್ಲುವುದೇ ಭವ್ಯಳಿಗೆ ಆಸ್ಪತ್ರೆ ಕೊಟ್ಟ ಕೆಲಸ.

"ಒಳಗ ಬರಬ್ಯಾಡವ್ವ," ಹೊಸ್ತಿಲಿಗೆ ಅಡ್ಡ ಕೂತಿದ್ದ ಅಜ್ಜಿ ಜಟ್ಟೆಮ್ಮ ಕೈ ಚಾಚಿ ತಡೆದಳು. "ತಾಯಿ ಬಂದಾಳ."

"ಯಾವಾಗಿಂದ ಅಜ್ಜಿ?"

"ನಿನ್ನಿ ಸಂಜಿಗೆ ಮೈಮ್ಯಾಗ ಎದ್ದಾಳ."

ಅಜ್ಜಿಯ ಹಿಂದೆ ಸೊಸೆ ರಾಜೇಶ್ವರಿ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಕೂದಲುದುರಿದ ತಲೆಯ ಮೇಲೂ ನೀರುಗುಳ್ಳೆಗಳು. ಡಾಕ್ಟರು ಸೀತಾಳೆ ಸಿಡುಬು ಅನ್ನುವುದಕ್ಕೆ ಈ ಮನೆಯಲ್ಲಿ ತಾಯಿ ಎಂದು ಹೆಸರು. ತಾಯಿ ಇದ್ದಷ್ಟು ದಿನ ಔಷಧಿ ಕೊಡುವುದಿಲ್ಲ, ಒಗ್ಗರಣೆ ಹಾಕುವುದಿಲ್ಲ, ಮಗುವನ್ನು ಹೊಸ್ತಿಲು ದಾಟಿಸುವುದಿಲ್ಲ.

"ಬೇರೆ ಮಕ್ಕಳಿಗೆ ವಾರದಲ್ಲಿ ಇಳ್ದೋಗುತ್ತೆ ಅಜ್ಜಿ. ಇವಳಿಗೆ ತಡ್ಕೊಳ್ಳೋ ಶಕ್ತಿ ಇಲ್ಲ. ಈಗ್ಲೇ ಡ್ರಿಪ್ ಹಾಕಿಸ್ಬೇಕು. ಎದೆಗೆ ಇಳಿದ್ರೆ ಮಗು ಉಳಿಯಲ್ಲ."

"ಕೆಟ್ಟ ಮಾತ ಆಡಬ್ಯಾಡ! ತಾಯಿ ಕೇಳಸ್ಕೋತಾಳ!"

ರಾಜೇಶ್ವರಿಯ ಕಣ್ಣು ತುಂಬಿತು. "ಅತ್ತಿ ಬ್ಯಾಡ ಅಂದ್ರ ನಾ ಹ್ಯಾಂಗ ಬರ್ಲಿ ಮೇಡಮ್?"

ಗೋಡೆಯ ಮೇಲೆ ಭವ್ಯಳೇ ಅಂಟಿಸಿದ ಹಾಳೆಯಿತ್ತು. ಜ್ವರ ಬಂದರೆ ತಕ್ಷಣ ಫೋನ್ ಮಾಡಿ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದಳು. ಈ ಮನೆಯವರಿಗೆ ಇದು ಜ್ವರವಲ್ಲ, ಮನೆಗೆ ಬಂದ ದೇವರು. ಪಕ್ಕದ ಕಗ್ಗದಾಸಪುರದಲ್ಲೇ ಹುಟ್ಟಿ ಬೆಳೆದ ತನಗೆ ಅಷ್ಟೂ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಸಾಲದ್ದಕ್ಕೆ ಇಷ್ಟು ಹೊತ್ತೂ ಚಪ್ಪಲಿ ಮೆಟ್ಟಿಕೊಂಡೇ ನಿಂತಿದ್ದಳು.

ಚಪ್ಪಲಿ ಬಿಟ್ಟು, ನಲ್ಲಿಯಲ್ಲಿ ಕಾಲು ತೊಳೆದು ಬಂದು ಹೊಸ್ತಿಲ ಈಚೆ ಕೂತಳು.

"ನಮ್ಮಜ್ಜಿ ಚಿಕ್ಕಮುನಿಯಮ್ಮ ನನ್ನನ್ನೂ ಬೇವಿನ ಸೊಪ್ಪಿನ ಮೇಲೆ ಮಲಗ್ಸಿದ್ರು ಅಜ್ಜಿ. ತಾಯೀನ ಇಲ್ಲಿ ಬಿಟ್ಟು ಮಗೂನ ಕಳ್ಸಿ ಅಂತಿಲ್ಲ ನಾನು. ತಾಯೀನೂ ಕರ್ಕೊಂಡೇ ಹೋಗೋಣ. ನೀವೂ ಬನ್ನಿ. ಅಲ್ಲಿ ಮೈಲಿಗೆ ಕಂಡ್ರೆ ವಾಪಸ್ ಕರ್ಕೊಂಡ್ಬನ್ನಿ. ನಾನು ತಡೆಯಲ್ಲ."

ತಡೆಯದೆ ಇರಲು ತನ್ನಿಂದಾಗದು ಎಂದು ಹೇಳುವಾಗಲೇ ಅವಳಿಗೆ ಗೊತ್ತಿತ್ತು. ಒಳಗೆ ಮಗು ಕೆಮ್ಮಿತು, ಒಣ ಕೆಮ್ಮು. ಜಟ್ಟೆಮ್ಮ ಗೋಡೆ ಹಿಡಿದು ಎದ್ದು, ಚೌಕಟ್ಟಿನ ಸೊಪ್ಪು ಬಿಡಿಸಿಕೊಂಡಳು.

ರಾಜೇಶ್ವರಿ ಮಗಳನ್ನು ಎತ್ತಿಕೊಂಡು ಬಂದಳು, ನಾಲ್ವರೂ ಆಟೊ ಹತ್ತಿದರು; ಭವ್ಯಳ ಚಪ್ಪಲಿ ಹೊಸ್ತಿಲ ಬಳಿಯೇ ಉಳಿಯಿತು. ಆಸ್ಪತ್ರೆಯ ಕೊನೆಯ ಮಹಡಿಯ ಪ್ರತ್ಯೇಕ ಕೋಣೆಯ ಬಾಗಿಲಲ್ಲಿ ಸಿಸ್ಟರ್ ಶಾಂತಕುಮಾರಿ ತಡೆದರು.

"ಸೊಪ್ಪು ಒಳಗೆ ಬೇಡ."

ಜಟ್ಟೆಮ್ಮ ಮೊಮ್ಮಗಳ ಕೈ ಹಿಡಿದು ಲಿಫ್ಟಿನ ಕಡೆ ತಿರುಗಿಯೇಬಿಟ್ಟಳು. ಭವ್ಯ ಅವಳ ಹಿಂದೆಯೇ ಹೆಜ್ಜೆ ಇಟ್ಟಳು.

ಸಿಸ್ಟರಿಗೆ ಇದೊಂದೂ ಗೊತ್ತಿಲ್ಲ. ಅವರು ದಿನಾ ಹೇಳುವುದನ್ನೇ ಹೇಳಿದರು: "ಚಪ್ಪಲಿ ಹೊರಗೆ ಬಿಡಿ. ಕೈಕಾಲು ತೊಳ್ಕೊಳಿ. ಇವಳ ತಟ್ಟೆ ಲೋಟ ಬೇರೆ. ಹೊರಗಿನವ್ರು ಯಾರೂ ಒಳಗೆ ಬರಂಗಿಲ್ಲ." ಹಾಗೆನ್ನುತ್ತ ತಮ್ಮ ಶೂ ಬಿಚ್ಚಿಟ್ಟು, ಮೊಣಕೈತನಕ ಸೋಪು ಹಚ್ಚಿ ತೊಳೆಯತೊಡಗಿದರು.

ಜಟ್ಟೆಮ್ಮ ನಿಂತಳು. ನೊರೆ ಪೂರ್ತಿ ಇಳಿಯುವವರೆಗೂ ನೋಡಿದಳು.

"ಒಗ್ಗರಣಿ?"

ಸಿಸ್ಟರ್ ಕಕ್ಕಾಬಿಕ್ಕಿಯಾಗಿ ಭವ್ಯಳತ್ತ ನೋಡಿದರು. "ಹಾಕಲ್ಲ ಅಜ್ಜಿ," ಅಂದಳು ಭವ್ಯ. "ಬರೀ ಗಂಜಿ."

ಅಜ್ಜಿ ಹರಿದ ಚಪ್ಪಲಿಯನ್ನು ಸಿಸ್ಟರ್ ಅವರ ಶೂ ಪಕ್ಕ ಬಿಟ್ಟಳು. ಸೊಪ್ಪನ್ನು ಭವ್ಯಳ ಎರಡೂ ಅಂಗೈಗೆ ಇಟ್ಟಳು.

"ನೀ ಹೊರಗ ಹಿಡ್ಕೊಂಡು ನಿಂದ್ರು."

ಅಜ್ಜಿ, ಸೊಸೆ, ಮಗು ಮೂವರೂ ಒಳಗೆ ಹೋದರು, ಬಾಗಿಲು ಮುಚ್ಚಿತು. ಭವ್ಯಳ ಚೀಲದಲ್ಲಿ ಫೋನ್ ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಅವಳು ಎತ್ತಲಿಲ್ಲ, ಬರಿಗಾಲಲ್ಲಿ, ಸೊಪ್ಪು ನೆಲಕ್ಕೆ ತಾಗದಂತೆ ಹಿಡಿದುಕೊಂಡು ನಿಂತಿದ್ದಳು.